ದೂಧಗಂಗೆಯ ದಡದಿಂದ ಕಪ್ತಾನನ ಪದವಿಯವರೆಗೆ

ಸದಲಗಾದಿಂದ ಪಶ್ಚಿಮ ಸಮುದ್ರವು ನೇರ ಅಳತೆಯಲ್ಲಿ ಸುಮಾರು 120 ಕಿಲೋಮೀಟರು ದೂರ. ಆದರೆ ಊರಿನ ಮಗ್ಗುಲಲ್ಲೇ ಹರಿಯುವ ದೂಧಗಂಗೆಯು ಆ ಹತ್ತಿರದ ಹಾದಿಯನ್ನು ಹಿಡಿಯಲಿಲ್ಲ. ಸಹ್ಯಾದ್ರಿಯಲ್ಲಿ ಹುಟ್ಟಿ, ಪೂರ್ವಕ್ಕೆ ತಿರುಗಿ, ಕೃಷ್ಣೆಯನ್ನು ಕೂಡಿಕೊಂಡು ಅದು ಬಂಗಾಲ ಉಪಸಾಗರವನ್ನು ಸೇರುತ್ತದೆ. ಕಬ್ಬಿನ ಹೊಲಗಳ ನಡುವಿನ ಈ ಊರಿನ ಹುಡುಗನೊಬ್ಬನು ಸರಕುಹಡಗಿನ ಅಧಿಕಾರಿಯಾಗಲು ಹೊರಟರೆ ಅವನ ದಾರಿಯೂ ಅಷ್ಟೇ ಬಳಸಿನದು.

ಬಯಲುಸೀಮೆಗೂ ಕಡಲಿಗೂ ನಂಟಿಲ್ಲವೆನ್ನುವಂತಿಲ್ಲ. ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ಸಿಂಧಿಯಾ ಹಡಗು ಕಂಪನಿಯ ಸ್ಥಾಪಕರಲ್ಲಿ ಪ್ರಮುಖರು. ಆ ಕಂಪನಿಯ ‘ಲಾಯಲ್ಟಿ’ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ಕಾಲದಲ್ಲಿ ಆಂಗ್ಲರ ಹಡಗುಗಳಲ್ಲಿ ಸಾವಿರಾರು ಭಾರತೀಯರು ಕಲಾಸಿಗಳಾಗಿ ದುಡಿಯುತ್ತಿದ್ದರು. ಅಧಿಕಾರಿಯ ಪೀಠ ಮಾತ್ರ ಅವರಿಗೆ ಎಟುಕುತ್ತಿರಲಿಲ್ಲ. 1927ರಲ್ಲಿ ಮುಂಬಯಿಯಲ್ಲಿ ‘ಡಫರಿನ್’ ತರಬೇತಿ ಹಡಗು ಆರಂಭವಾದ ಬಳಿಕವೇ ಆ ಬಾಗಿಲು ತೆರೆಯಿತು. ಅದರ ಸ್ಥಾನಕ್ಕೆ 1972ರಲ್ಲಿ ‘ರಾಜೇಂದ್ರ’ವೂ, 1993ರಲ್ಲಿ ನವಿ ಮುಂಬಯಿಯ ದಡದ ಮೇಲಿನ ‘ಚಾಣಕ್ಯ’ವೂ ಬಂದವು. ಈ ಶಿಕ್ಷಣವೆಲ್ಲ ಇಂದು 2008ರಲ್ಲಿ ಸ್ಥಾಪಿತವಾದ ಭಾರತೀಯ ಸಾಗರ ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ.

ಹುಡುಗನ ಅಂಕಪಟ್ಟಿಗಿಂತ ಮೊದಲು ನೋಡಿಸಬೇಕಾದದ್ದು ಅವನ ಕಣ್ಣು. ರಾತ್ರಿಯ ಕತ್ತಲಲ್ಲಿ ಎದುರು ಹಡಗಿನ ಕೆಂಪು ದೀಪವೋ ಹಸುರು ದೀಪವೋ ಎಂಬುದರ ಮೇಲೆ ಅದು ಯಾವ ಕಡೆಗೆ ಸಾಗುತ್ತಿದೆಯೆಂಬ ನಿರ್ಣಯ ನಿಂತಿರುತ್ತದೆ. ಬಣ್ಣಗುರುಡಿದ್ದವನಿಗೆ ಈ ವೃತ್ತಿಯಿಲ್ಲ. ಕನ್ನಡಕವಿದ್ದವನು ನೌಕಾಚಾಲನೆಯ ಆಸೆಯನ್ನು ಬಿಟ್ಟು, ನಿಯಮವು ಒಪ್ಪುವಷ್ಟು ದೋಷವಿದ್ದಲ್ಲಿ, ಇಂಜಿನ್ ವಿಭಾಗವನ್ನು ನೋಡಬೇಕು. ಶುಲ್ಕ ಕಟ್ಟಿದ ಮೇಲೆ ಇದನ್ನು ಅರಿತು ಮರುಗುವುದಕ್ಕಿಂತ ಮೊದಲೇ ಪರೀಕ್ಷೆ ಮಾಡಿಸುವುದು ಮೇಲು.

ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿ, ಸರಾಸರಿ ಶೇಕಡಾ 60 ಅಂಕ ಗಳಿಸಿದವರು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಕೂಡುತ್ತಾರೆ. ಇಂಗ್ಲಿಷಿನಲ್ಲಿಯೂ ಅರ್ಧದಷ್ಟು ಅಂಕ ಬೇಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಈ ಸೀಮೆಯ ಮಕ್ಕಳಿಗೆ ಮೂರನೆಯ ಭಾಷೆ ಭಾರವಾಗಬಾರದು. ಹಡಗಿನ ಆಜ್ಞೆಗಳೆಲ್ಲ ಅದರಲ್ಲಿಯೇ ನಡೆಯುತ್ತವೆ. ಒಂದು ವರ್ಷದ ಡಿಪ್ಲೊಮಾ ಮುಗಿಸಿದವನು 18 ತಿಂಗಳು, ಮೂರು ವರ್ಷದ ಪದವಿ ಪಡೆದವನು 12 ತಿಂಗಳು ಸಮುದ್ರದಲ್ಲಿ ಕೆಡೆಟ್ಟಾಗಿ ದುಡಿದ ಮೇಲೆ ‘ಸೆಕೆಂಡ್ ಮೇಟ್’ ಪರೀಕ್ಷೆಗೆ ಅರ್ಹನಾಗುತ್ತಾನೆ. ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ.

ತೊಡಕಿರುವುದು ಇಲ್ಲಿಯೇ. ತರಗತಿಯಲ್ಲಿ ಸ್ಥಳ ದೊರೆತವರಿಗೆಲ್ಲ ಹಡಗಿನಲ್ಲಿ ಸ್ಥಳ ದೊರೆಯುವುದಿಲ್ಲ. ಕೈಯಲ್ಲಿ ಪದವಿಯಿದ್ದೂ ಮೊದಲ ಹಡಗಿಗಾಗಿ ಮುಂಬಯಿಯ ಕಚೇರಿಗಳ ಮೆಟ್ಟಿಲು ಹತ್ತಿಳಿಯುವ ತರುಣರಿದ್ದಾರೆ. ದಲ್ಲಾಳಿಗಳ ಬೇಟೆ ಇಂಥವರೇ. ‘ಇಷ್ಟು ಲಕ್ಷ ಕೊಡಿರಿ, ಮುಂದಿನ ತಿಂಗಳೇ ಹಡಗು ಹತ್ತಿಸುತ್ತೇವೆ’ ಎಂಬ ಮಾತಿಗೆ ಹೊಲ ಒತ್ತೆಯಿಟ್ಟ ತಂದೆಯ ಅವಸ್ಥೆ ಕಷ್ಟದ್ದು. ನಾವಿಕರನ್ನು ನೇಮಿಸಲು ನೌಕಾ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಪರವಾನಗಿ ಪಡೆದವರೂ ಕೆಲಸ ಕೊಡಿಸಿದ್ದಕ್ಕಾಗಿ ನಾವಿಕನಿಂದ ಹಣ ವಸೂಲು ಮಾಡುವಂತಿಲ್ಲ. ಹಣ ಕೇಳಿದನೆಂದರೆ ಎದ್ದು ಬರಬೇಕು; ಅದರಲ್ಲಿ ಸಂಕೋಚವೇಕೆ? ಡಿಪ್ಲೊಮಾಕ್ಕೆ ಹಡಗು ಕಂಪನಿಯ ಪ್ರಾಯೋಜನೆ ಬೇಕೆಂಬ ನಿಯಮವು ಕಠಿಣವೆನಿಸಿದರೂ ಉಪಕಾರಿಯೇ ಸರಿ. ಪ್ರವೇಶದ ಹೊತ್ತಿಗೇ ಹಡಗಿನ ಮಾತೂ ನಡೆದಿರುತ್ತದೆ.

ಹಡಗು ಹತ್ತಿದವನಿಗೆ ಮೇಲಿನ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಮೂರನೆಯ ಅಧಿಕಾರಿಯು ಸಾಮಾನ್ಯವಾಗಿ ಎಂಟರಿಂದ ಹನ್ನೆರಡರ ಕಾವಲು ನಿಲ್ಲುತ್ತಾನೆ. ಪ್ರಾಣರಕ್ಷಣೆಯ ದೋಣಿ, ಬೆಂಕಿಯಾರಿಸುವ ಸಾಧನಗಳು ಅವನ ಹೊಣೆ. ಎರಡನೆಯವನದು ನಕ್ಷೆ ಮತ್ತು ದಾರಿ. ಹನ್ನೆರಡರಿಂದ ನಾಲ್ಕರ ನಿದ್ದೆಗೆಟ್ಟ ಪಾಳಿ ಅವನಿಗೆ. ‘ಫಸ್ಟ್ ಮೇಟ್’ ಪರೀಕ್ಷೆ ಗೆದ್ದವನು ಮುಖ್ಯಾಧಿಕಾರಿಯಾಗಿ ಸರಕಿನ ಭಾರ ಹೊರುತ್ತಾನೆ. ಮತ್ತೆ ಕಡಲ ಸೇವೆ, ಮತ್ತೆ ‘ಮಾಸ್ಟರ್’ ಪರೀಕ್ಷೆ. ಕಪ್ತಾನನಾಗುವಷ್ಟರಲ್ಲಿ ಹತ್ತು ವರ್ಷಗಳ ಆಸುಪಾಸು ಕಳೆದಿರುತ್ತದೆ. ಇಂಜಿನ್ ಕೋಣೆಯಲ್ಲಿ ನಾಲ್ಕನೆಯ, ಎರಡನೆಯ, ಮೊದಲನೆಯ ದರ್ಜೆಯ ಪ್ರಮಾಣಪತ್ರಗಳು ಇದೇ ಕ್ರಮದಲ್ಲಿ ಚೀಫ್ ಇಂಜಿನಿಯರನ ಪದವಿಗೆ ಒಯ್ಯುತ್ತವೆ. ಯಾರ ವಶೀಲಿಯೂ ಕಡಲ ಮೇಲಿನ ದಿನಗಳಿಗೆ ಬದಲಾಗದು.

ಹತ್ತನೆಯ ತರಗತಿಗೇ ಓದು ನಿಂತವನಿಗೆ ಆರು ತಿಂಗಳ ರೇಟಿಂಗ್ ತರಬೇತಿಯಿದೆ. ಅವನು ಡೆಕ್ಕು ಉಜ್ಜುವುದರಿಂದ, ಬಣ್ಣ ಬಳಿಯುವುದರಿಂದ ಆರಂಭಿಸಿ ಚುಕ್ಕಾಣಿ ಹಿಡಿಯುವ ನಾವಿಕನಾಗಿ, ಅವರೆಲ್ಲರ ಮೇಸ್ತ್ರಿಯಾದ ಬೋಸನನಾಗಿ ಬೆಳೆಯಬಹುದು. ಡೆಕ್ಕಿನ ಮೇಲೆ 36 ತಿಂಗಳ ಸೇವೆ ಸಲ್ಲಿಸಿ, ಗೊತ್ತುಪಡಿಸಿದ ಪಾಠಗಳನ್ನು ಮುಗಿಸಿದರೆ ಅಧಿಕಾರಿಯ ಪರೀಕ್ಷೆಗೂ ಕೂಡಬಹುದು. ಹಡಗು ಹತ್ತಿದ ದಿನ, ಇಳಿದ ದಿನ ಎರಡನ್ನೂ ಅವನ ಸೇವಾಪುಸ್ತಕದಲ್ಲಿ ಬರೆದು ಮೊಹರು ಹಾಕುತ್ತಾರೆ. ಪರೀಕ್ಷಕರು ಮೊದಲು ಎಣಿಸುವುದು ಆ ದಿನಗಳನ್ನೇ.