ಫೈರ್‌ವಾಲ್‌ನ ಹಿಂದೆ ನಿಂತುಹೋಗುವ ಕಡತ ರವಾನೆ

ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದು ಖರೀದಿದಾರರ ಸರ್ವರಿಗೆ ಸಂಜೆಯೊಳಗಾಗಿ ನಕ್ಷೆಗಳನ್ನು ಎಫ್‌ಟಿಪಿ ಮೂಲಕ ಕಳುಹಿಸಬೇಕಾಗಿರುತ್ತದೆ. ಸರ್ವರ್ ಪಾಸ್‌ವರ್ಡನ್ನು ಒಪ್ಪಿಕೊಳ್ಳುತ್ತದೆ. ಆದರೆ ಕಡತಗಳ ಪಟ್ಟಿ ತೆರೆಯದೆ ಸಂಪರ್ಕ ಕಡಿದುಹೋಗುತ್ತದೆ. ಇಂತಹ ಸಂದರ್ಭದಲ್ಲಿ ಪಾಸ್‌ವರ್ಡ್ ಬದಲಿಸುವುದು ವ್ಯರ್ಥ. ಲಾಗಿನ್ ಆದ ನಂತರ ಉಂಟಾಗುವ ತಡೆಗೆ ಬಹುತೇಕ ಫೈರ್‌ವಾಲ್ ಕಾರಣವಾಗಿರುತ್ತದೆ.

1985ರಲ್ಲಿ ಈಗಿನ ರೂಪದಲ್ಲಿ ನಿರೂಪಿತವಾದ ಎಫ್‌ಟಿಪಿ ಎರಡು ಪ್ರತ್ಯೇಕ ಸಂಪರ್ಕಗಳನ್ನು ಬಳಸುತ್ತದೆ. ಆದೇಶಗಳು 21ನೆಯ ಪೋರ್ಟಿನಲ್ಲಿ ಸಾಗುತ್ತವೆ. ಕಡತಗಳಿಗೂ ಪಟ್ಟಿಗೂ ಬೇರೆ ದಾರಿ. 'ಆಕ್ಟಿವ್' ವಿಧಾನದಲ್ಲಿ ಈ ಎರಡನೆಯ ಸಂಪರ್ಕವನ್ನು ಸರ್ವರೇ ಹೊರಗಿನಿಂದ ಆರಂಭಿಸುತ್ತದೆ. ಅಪರಿಚಿತರನ್ನು ಗೇಟಿನಲ್ಲೇ ತಡೆಯುವ ಕಾವಲುಗಾರನಂತೆ ಫೈರ್‌ವಾಲ್ ಅದನ್ನು ನಿರಾಕರಿಸುತ್ತದೆ. 'ಪ್ಯಾಸಿವ್' ವಿಧಾನದಲ್ಲಿ ಎರಡೂ ಸಂಪರ್ಕಗಳು ಘಟಕದ ಗಣಕದಿಂದಲೇ ಹೊರಡುತ್ತವೆ. ಆದುದರಿಂದ ಮೊದಲು ಪ್ಯಾಸಿವ್ ವಿಧಾನವನ್ನು ಆಯ್ದುಕೊಳ್ಳತಕ್ಕದ್ದು. ವಿಂಡೋಸ್‌ನೊಂದಿಗೆ ಬರುವ ಆದೇಶ ಸಾಲಿನ ಎಫ್‌ಟಿಪಿಗೆ ಈ ಸೌಲಭ್ಯವಿಲ್ಲ, ಫೈಲ್‌ಜಿಲ್ಲಾದಂತಹ ತಂತ್ರಾಂಶದಲ್ಲಿದೆ.

ಆಗಲೂ ಸಾಧ್ಯವಾಗದಿದ್ದರೆ ಪರದೆಯ ಮೇಲಿನ ಸಂದೇಶಗಳನ್ನು ಓದಬೇಕು. 227 ಎಂದು ಆರಂಭವಾಗುವ ಉತ್ತರದಲ್ಲಿ ಆರು ಸಂಖ್ಯೆಗಳಿರುತ್ತವೆ. ಮೊದಲ ನಾಲ್ಕು ಸರ್ವರಿನ ವಿಳಾಸ. ಐದನೆಯದನ್ನು 256ರಿಂದ ಗುಣಿಸಿ ಆರನೆಯದನ್ನು ಕೂಡಿದರೆ ಪೋರ್ಟ್ ದೊರೆಯುತ್ತದೆ. ಅವು 195 ಮತ್ತು 80 ಆಗಿದ್ದರೆ ಪೋರ್ಟ್ 50,000. ಅಂತರ್ಜಾಲದ ಮೂಲಕ ಸಂಪರ್ಕಿಸಿದಾಗಲೂ ವಿಳಾಸ 192, 168 ಎಂದು ಆರಂಭವಾದರೆ, ಸರ್ವರ್ ತನ್ನ ಕಚೇರಿಯೊಳಗಿನ ವಿಳಾಸವನ್ನೇ ಹೊರಗಿನವರಿಗೆ ನೀಡುತ್ತಿದೆ ಎಂದರ್ಥ. ಆ ಸಾಲನ್ನು ಹಾಗೆಯೇ ಖರೀದಿದಾರರ ತಂತ್ರಜ್ಞರಿಗೆ ಕಳುಹಿಸುವುದು ಒಳಿತು. ತಪ್ಪು ಯಾರ ಕಡೆಯದೆಂಬ ವಾದಕ್ಕೆ ಅದೇ ದಾಖಲೆ. ವಿಳಾಸ ಸರಿಯಿದ್ದೂ ಸಂಪರ್ಕವಾಗದಿದ್ದರೆ, ಆ ಪೋರ್ಟ್ ಎರಡರಲ್ಲೊಂದು ಫೈರ್‌ವಾಲ್‌ನಲ್ಲಿ ಮುಚ್ಚಿರಬಹುದು. ಸರ್ವರಿನವರು 50,000ದಿಂದ 50,100ರವರೆಗೆ ಎಂಬಂತೆ ಮಿತಿಯೊಂದನ್ನು ನಿಗದಿಪಡಿಸಿ, ಅಷ್ಟನ್ನೇ ತೆರೆದರೆ ಸಾಕು.

ದೊಡ್ಡ ಕಡತ ಪೂರ್ಣವಾಗಿ ತಲುಪಿಯೂ 'ವಿಫಲ' ಎಂಬ ಸೂಚನೆ ಬರುವುದುಂಟು. ರವಾನೆಯ ಅವಧಿಯಲ್ಲಿ ಸುಮ್ಮನಿದ್ದ ಆದೇಶ ಸಂಪರ್ಕವನ್ನು ಫೈರ್‌ವಾಲ್ ಕಡಿದಿರುತ್ತದೆ. ಮತ್ತೆ ಕಳುಹಿಸುವ ಮೊದಲು ಎರಡೂ ಕಡೆಯ ಕಡತದ ಗಾತ್ರವನ್ನು ತಾಳೆ ನೋಡಬೇಕು.

ಅವಸರದಲ್ಲಿ ಫೈರ್‌ವಾಲನ್ನೇ ಸ್ಥಗಿತಗೊಳಿಸುವ ಅಭ್ಯಾಸ ಅಪಾಯಕರ. ಲೆಕ್ಕಪತ್ರಗಳೂ ಬ್ಯಾಂಕ್ ವ್ಯವಹಾರವೂ ಅದೇ ಗಣಕದಲ್ಲಿರುವುದು ಸಣ್ಣ ಕಚೇರಿಗಳಲ್ಲಿ ಸಾಮಾನ್ಯ. ಸಂಜೆ ಅದನ್ನು ಪುನಃ ಚಾಲನೆಗೊಳಿಸಲು ಮರೆಯುವುದೂ ಅಷ್ಟೇ ಸಾಮಾನ್ಯ.

ಸಾದಾ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಗೂಢಲಿಪಿಯಿಲ್ಲದೆ ಸಾಗುತ್ತದೆ. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರ್‌ಗಳು 2021ರಲ್ಲಿ ಅದನ್ನು ಕೈಬಿಟ್ಟವು. ಎಸ್‌ಎಫ್‌ಟಿಪಿಯಾದರೋ 22ನೆಯ ಪೋರ್ಟ್ ಒಂದರಲ್ಲಿಯೇ ಆದೇಶ, ಕಡತ ಎರಡನ್ನೂ ಗೂಢಲಿಪಿಯಲ್ಲಿ ಒಯ್ಯುತ್ತದೆ. ಖರೀದಿದಾರರು ಆ ಸೌಲಭ್ಯ ಒದಗಿಸಿದ್ದರೆ, ಹೊರಹೋಗುವ 22ನೆಯ ಪೋರ್ಟನ್ನು ತೆರೆಯಿಸಿ, ಕೊನೆಯ ದಿನಾಂಕಕ್ಕೆ ಮೊದಲೇ ಒಂದು ಚಿಕ್ಕ ಕಡತವನ್ನು ಕಳುಹಿಸಿ ಪರೀಕ್ಷಿಸಿಕೊಳ್ಳಬಹುದು.