ದೊಡ್ಡ ಗುಂಡಿನ ರಿವಾಲ್ವರೂ ನಮ್ಮ ಮನೆಯ ಕೋವಿಯೂ

ಮಲೆನಾಡು, ಕೊಡಗು, ಕರಾವಳಿಗಳಿಂದ ಹೊಟ್ಟೆಪಾಡಿಗಾಗಿ ಈ ನಾಗಪುರ ಸೀಮೆಗೆ ಬಂದು ನೆಲೆಸಿರುವ ನಮ್ಮ ಬಂಧುಗಳಲ್ಲಿ ಅನೇಕರ ಊರಿನ ಮನೆಗಳಲ್ಲಿ ಇಂದಿಗೂ ಒಂದು ಕೋವಿ ಉಂಟು. ಆದುದರಿಂದ ಕೋವಿಯ ಮಾತು ಬಂದೊಡನೆ ನಮ್ಮವರ ಕಿವಿ ನಿಮಿರುವುದು ಸಹಜವೇ ಆಗಿದೆ. ಅಮೆರಿಕದವರು ಕೈಯಲ್ಲಿ ಹಿಡಿಯುವ ರಿವಾಲ್ವರಿನಿಂದಲೇ ಜಿಂಕೆ ಕರಡಿಗಳನ್ನು ಬೇಟೆಯಾಡುತ್ತಾರಂತೆ, ಅದಕ್ಕೆ ಬೇಕಾದ ಗುಂಡನ್ನು ತಾವೇ ಮನೆಯಲ್ಲಿ ಎರಕ ಹೊಯ್ದುಕೊಳ್ಳುತ್ತಾರಂತೆ, ನಮಗೇಕೆ ಅದು ಸಾಧ್ಯವಿಲ್ಲ ಎಂದು ಕೇಳುವ ತರುಣರೂ ಇದ್ದಾರೆ. ಪ್ರಶ್ನೆ ಕುತೂಹಲದ್ದಾದರೂ ಅದರ ಉತ್ತರದಲ್ಲಿ ನಮ್ಮ ಮನೆಗಳಿಗೆ ಸಂಬಂಧಿಸಿದ ವಿಷಯವೊಂದು ಅಡಗಿರುವುದರಿಂದ ತುಸು ವಿಸ್ತಾರವಾಗಿ ಬರೆಯುವುದು ಉಚಿತವೆಂದು ತೋರಿತು.

ನಮ್ಮ ನೆರೆಯ ಕಾಡಿನಲ್ಲಿ

ಈ ವಿದ್ಯೆಯನ್ನು ಅರಸಿಕೊಂಡು ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಕನ್ಹಾನಿನಿಂದ ಹೊಳೆ ದಾಟಿದರೆ ಸಿಗುವ ಕಾಮಠಿಯಲ್ಲಿ ಇಂಗ್ಲಿಷರು ೧೮೨೧ರಲ್ಲಿಯೇ ದಂಡನ್ನು ಸ್ಥಾಪಿಸಿದ್ದರು. ಕನ್ಹಾನ್ ನದಿಗೆ ಬಂದು ಸೇರುವ ಪೇಂಚ್ ನದಿಯ ಕಾಡುಗಳೂ ಅದರಾಚೆಯ ಸಾತಪುಡಾ ಬೆಟ್ಟಗಳೂ ಅಂದಿನ ಸೈನ್ಯಾಧಿಕಾರಿಗಳ ಬೇಟೆಯ ಬಯಲಾಗಿದ್ದವು. ಈ ಮಧ್ಯಪ್ರಾಂತಗಳಲ್ಲಿ ಅರಣ್ಯಾಧಿಕಾರಿಯಾಗಿದ್ದ ಕ್ಯಾಪ್ಟನ್ ಜೇಮ್ಸ್ ಫೋರ್ಸಿತ್ ಎಂಬವನು ಬೇಟೆಯ ಬಂದೂಕನ್ನೂ ಅದರ ಗುಂಡನ್ನೂ ಕುರಿತು ೧೮೬೩ರಲ್ಲಿ ಒಂದು ಗ್ರಂಥವನ್ನೇ ಬರೆದನು. ದೊಡ್ಡ ನಳಿಗೆ, ದುಂಡನೆಯ ಭಾರವಾದ ಸೀಸದ ಗುಂಡು, ಧಾರಾಳವಾದ ಮದ್ದು, ನಳಿಗೆಯೊಳಗೆ ಬಲು ನಿಧಾನವಾಗಿ ತಿರುಗುವ ಗೀರು, ಇವು ದಟ್ಟ ಕಾಡಿನಲ್ಲಿ ಸಮೀಪದಿಂದ ಹೊಡೆಯುವವನಿಗೆ ತಕ್ಕವೆಂಬುದು ಅವನ ವಾದವಾಗಿತ್ತು. ಮಧ್ಯಭಾರತದ ಕಾಡುಗಳನ್ನು ಕುರಿತ ಅವನ ಇನ್ನೊಂದು ಪ್ರಸಿದ್ಧ ಗ್ರಂಥ ಅಚ್ಚಾದುದು ೧೮೭೧ರಲ್ಲಿ; ಅದೇ ವರ್ಷ ಅವನು ತೀರಿಕೊಂಡನು.

ಅದೇ ಕಾಲದಲ್ಲಿ ಆನೆಯ ಮೇಲೆ ಕುಳಿತು ಹುಲಿಬೇಟೆಗೆ ಹೋಗುವವರು ‘ಹೌದಾ ಪಿಸ್ತೂಲು’ ಎಂಬ ಗಿಡ್ಡ ಆಯುಧವನ್ನು ಇಟ್ಟುಕೊಳ್ಳುತ್ತಿದ್ದರು. ಹೌದಾ ಎಂದರೆ ಅಂಬಾರಿ. ಗಾಯಗೊಂಡ ಹುಲಿ ಆನೆಯ ಮೈಮೇಲೆ ಹಾರಿದಾಗ ಉದ್ದ ಬಂದೂಕನ್ನು ತಿರುಗಿಸಲು ಅವಕಾಶವಿರುವುದಿಲ್ಲ. ಆಗ ಒಂದೇ ಗುಂಡಿನಲ್ಲಿ ಅದನ್ನು ತಡೆಯಬೇಕು. ಅದಕ್ಕಾಗಿಯೇ ಎರಡು ಇಲ್ಲವೆ ನಾಲ್ಕು ನಳಿಗೆಗಳ, ಬಂದೂಕಿನಷ್ಟೇ ದೊಡ್ಡ ಬಾಯಿಯ ಈ ಪಿಸ್ತೂಲು ಹುಟ್ಟಿತು. ಬೇಟೆಯಾಡುವುದಕ್ಕಲ್ಲ, ಪ್ರಾಣ ಉಳಿಸಿಕೊಳ್ಳುವುದಕ್ಕೆ. ಆಯುಧದ ಗಾತ್ರವನ್ನು ನಿರ್ಣಯಿಸತಕ್ಕದ್ದು ಅಗತ್ಯವೇ ಹೊರತು ಆಸೆಯಲ್ಲವೆಂಬ ಪಾಠವನ್ನು ಇಲ್ಲಿಂದಲೇ ಕಲಿಯಬಹುದು.

ಗಾತ್ರದ ಆಯ್ಕೆ

ರಿವಾಲ್ವರನ್ನು ಬೇಟೆಯ ಆಯುಧವನ್ನಾಗಿ ಬೆಳೆಸಿದ ಕೀರ್ತಿ ಬಹುಮಟ್ಟಿಗೆ ಅಮೆರಿಕದ ಎಲ್ಮರ್ ಕೀತ್ ಎಂಬವರಿಗೆ ಸಲ್ಲುತ್ತದೆ. ಇವರು ದನಕರು ಕಾಯುವ ಕೆಲಸ ಮಾಡಿದವರು. ಕೋಲ್ಟ್ ರಿವಾಲ್ವರಿನಲ್ಲಿ ಹೆಚ್ಚು ಬಲದ ತೋಟಾಗಳನ್ನು ಹಾರಿಸಿ, ಅದು ಒಡೆದುಹೋದ ಮೇಲೆ, ತೋಟಾದ ಗೂಡಿನ ಗೋಡೆ ಹೆಚ್ಚು ದಪ್ಪವಾಗಿ ಉಳಿಯುವ ೪೪ರ ಗಾತ್ರಕ್ಕೆ ತಿರುಗಿದರು. ಅವರ ಒತ್ತಾಯದ ಫಲವಾಗಿ ೧೯೫೫ರಲ್ಲಿ ೪೪ ಮ್ಯಾಗ್ನಮ್ ಎಂಬ ತೋಟಾ ಹೊರಬಂದಿತು. ಮುಂದೆ ೪೫೪ ಕಸುಲ್ ಬಂದಿತು. ೨೦೦೩ರಲ್ಲಿ ಅರ್ಧ ಅಂಗುಲ ಬಾಯಿಯ ೫೦೦ ಸ್ಮಿತ್ ಅಂಡ್ ವೆಸನ್ ಬಂದಿತು.

ಆದರೆ ಬಲ ಹೆಚ್ಚಿದಂತೆ ಒದೆತವೂ ಹೆಚ್ಚುತ್ತದೆ. ಒದೆತಕ್ಕೆ ಹೆದರಿದ ಕೈ ಕುದುರೆಯನ್ನು ಒತ್ತುವ ಮೊದಲೇ ನಡುಗುತ್ತದೆ, ಗುರಿ ತಪ್ಪುತ್ತದೆ, ಪ್ರಾಣಿ ಗಾಯಗೊಂಡು ಕಾಡು ಸೇರಿ ನರಳುತ್ತದೆ. ಅಲ್ಲಿನ ಬಲ್ಲವರು ತಮ್ಮ ಕೈ ಹಿಡಿತಕ್ಕೆ ಒಗ್ಗುವ ಗಾತ್ರವನ್ನೇ ಆರಿಸಿಕೊಳ್ಳುತ್ತಾರೆ. ಹೋಟೆಲಿನ ಭಟ್ಟಿಯ ಮುಂದೆ ನಿಲ್ಲುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತಲಾಗದ ಹಂಡೆಯಿಂದ ಅಡಿಗೆಯಾಗದು.

ಸೀಸದ ಹದ

ಗುಂಡಿನ ಎರಕವಾದರೂ ಹದದ ವಿದ್ಯೆಯೇ. ಸೀಸ ೩೨೭ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಶುದ್ಧ ಸೀಸ ಬಲು ಮೆದು. ವೇಗದ ತೋಟಾಕ್ಕೆ ಒದಗುವುದಿಲ್ಲ. ತವರ ಬೆರೆಸಿದರೆ ಎರಕ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಆಂಟಿಮನಿ ಬೆರೆಸಿದರೆ ಗಟ್ಟಿಯಾಗುತ್ತದೆ. ನೂರು ಪಾಲಿನಲ್ಲಿ ತೊಂಬತ್ತು ಸೀಸ, ಐದು ತವರ, ಐದು ಆಂಟಿಮನಿ ಎಂಬುದು ಅಲ್ಲಿ ರೂಢಿಯಾದ ಒಂದು ಮಿಶ್ರಣ. ಒಂದು ಕಾಲಕ್ಕೆ ಪತ್ರಿಕೆಗಳನ್ನು ಅಚ್ಚುಹಾಕುತ್ತಿದ್ದ ಮೊಳೆಗಳೂ ಈ ಮೂರೇ ಲೋಹಗಳವು. ಲೈನೋಟೈಪ್ ಯಂತ್ರದ ಹಳೆಯ ಲೋಹವನ್ನು ಅಮೆರಿಕದ ಬೇಟೆಗಾರರು ಕೊಂಡು ಕರಗಿಸುತ್ತಿದ್ದುದುಂಟು.

ಗಟ್ಟಿತನಕ್ಕಿಂತಲೂ ಮುಖ್ಯವಾದದ್ದು ಅಳತೆ. ೪೪ ಎಂದು ಹೆಸರಾದರೂ ಆ ಗುಂಡಿನ ನಿಜವಾದ ಅಡ್ಡಳತೆ ಸುಮಾರು ೦.೪೨೯ ಅಂಗುಲ. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ಸಣ್ಣದಾದರೂ ಮದ್ದಿನ ಬಿಸಿಗಾಳಿ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಯೊಳಗೆ ಮೆತ್ತುತ್ತದೆ. ಅದರ ಮೇಲೆ ಗುರಿಯ ಆಸೆ ಬಿಡಬೇಕು. ಸೀಸದ ಹೊಗೆ ಮತ್ತು ಧೂಳು ದೇಹಕ್ಕೆ, ಅದರಲ್ಲಿಯೂ ಮಕ್ಕಳಿಗೆ, ವಿಷವೆಂಬುದನ್ನೂ ಮರೆಯಲಾಗದು. ಸೀಸದ ಗುಂಡಿನಿಂದ ಸತ್ತ ಪ್ರಾಣಿಗಳನ್ನು ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದುದರಿಂದ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡನ್ನು ೨೦೧೯ರಿಂದ ಸಂಪೂರ್ಣವಾಗಿ ನಿಷೇಧಿಸಲಾಗಿದೆ.

ನಮ್ಮ ಹಿರಿಯರಿಗೂ ಈ ಎರಕ ಅಪರಿಚಿತವಾಗಿರಲಿಲ್ಲ. ಕೇಪಿನ ಕೋವಿಯ ಕಾಲದಲ್ಲಿ ಮಲೆನಾಡಿನ ಮನೆಗಳಲ್ಲಿ ಸೀಸ ಕರಗಿಸಿ ಗುಂಡು ಮಾಡಿಕೊಳ್ಳುತ್ತಿದ್ದರು. ಹನ್ನೆರಡು ಬೋರ್ ಎಂಬ ಮಾತಿನ ಮೂಲವೂ ಸೀಸದ ಲೆಕ್ಕವೇ: ನಳಿಗೆಯ ಬಾಯಿಗೆ ಸರಿಹೋಗುವ ಹನ್ನೆರಡು ಸೀಸದ ಗುಂಡುಗಳು ತೂಗಿದರೆ ಒಂದು ಪೌಂಡು.

ಕಾಯಿದೆ ಏನೆನ್ನುತ್ತದೆ?

ಈಗ ಮೂಲ ಪ್ರಶ್ನೆಗೆ ಬರೋಣ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ದೇಶದಲ್ಲಿ ಬೇಟೆಯ ಕಾಲ ಮುಗಿಯಿತು. ಫೋರ್ಸಿತನ ಕಾಲದ ಸಾಹೇಬರು ಬೇಟೆಯಾಡಿದ ಪೇಂಚ್ ಕಾಡು ೧೯೭೫ರಲ್ಲಿ ಮಹಾರಾಷ್ಟ್ರದ ಭಾಗದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಂದು ಅದು ಹುಲಿಗಳ ರಕ್ಷಿತ ತಾಣ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರವಲ್ಲ, ಮದ್ದುಗುಂಡು ತಯಾರಿಸುವುದಕ್ಕೂ ಪರವಾನಗಿ ಬೇಕು. ಪರವಾನಗಿಯಿಲ್ಲದೆ ಮನೆಯಲ್ಲಿ ತೋಟಾ ತುಂಬುವುದು ಕಠಿಣ ಶಿಕ್ಷೆಗೆ ಗುರಿಯಾಗುವ ಅಪರಾಧ. ದೊಡ್ಡ ಬಾಯಿಯ ರಿವಾಲ್ವರ್ ಜನಸಾಮಾನ್ಯರಿಗೆ ದುರ್ಲಭ. ಪರವಾನಗಿ ದೊರೆತವರು ಸಾಮಾನ್ಯವಾಗಿ ಕೊಳ್ಳುವುದು ಕಾನ್ಪುರದಲ್ಲಿ ತಯಾರಾಗುವ ೩೨ರ ರಿವಾಲ್ವರನ್ನು.

ರೈತನ ಮಾತು ಬೇರೆ. ಬೆಳೆ ಕಾಯುವುದಕ್ಕಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೂ, ಆತ್ಮರಕ್ಷಣೆಗಾಗಿ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಗೂ ಪರವಾನಗಿ ಕೊಡಲು ಕಾಯಿದೆಯಲ್ಲಿಯೇ ಅವಕಾಶವಿದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಉಂಟು. ೧೮೬೧ರಷ್ಟು ಹಿಂದಿನಿಂದ ಬಂದ ಈ ಹಕ್ಕನ್ನು ಕೇಂದ್ರ ಸರ್ಕಾರವು ೨೦೨೯ರ ಅಕ್ಟೋಬರಿನವರೆಗೆ ಮುಂದುವರಿಸಿದೆ. ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಆ ಜನರಿಗೆ ಅದು ಆಟಿಕೆಯಲ್ಲ, ಮನೆತನದ ಮರ್ಯಾದೆ.

ದೂರದೂರಿನಲ್ಲಿ ದುಡಿಯುವ ನಾವು ಗಮನಿಸಬೇಕಾದ ವಿಷಯ ಇದೇ ಆಗಿದೆ. ಊರಿನಲ್ಲಿ ಪರವಾನಗಿಯುಳ್ಳ ತಂದೆ ತೀರಿಕೊಂಡರೆ ಕೋವಿಯನ್ನು ಅಟ್ಟದಲ್ಲಿಟ್ಟು ಮಗ ನಾಗಪುರಕ್ಕೆ ಹಿಂತಿರುಗುವಂತಿಲ್ಲ. ತಂದೆಯ ಪರವಾನಗಿ ಮಗನಿಗೆ ತಾನಾಗಿ ಬರುವುದಿಲ್ಲ. ಕೂಡಲೇ ಪೋಲೀಸ್ ಠಾಣೆಯಲ್ಲಿಯೋ ಪರವಾನಗಿ ಪಡೆದ ಅಂಗಡಿಯಲ್ಲಿಯೋ ಅದನ್ನು ಠೇವಣಿಯಿಟ್ಟು ರಸೀದಿ ಪಡೆಯಬೇಕು. ಬೇಕಾದರೆ ವಾರಸುದಾರನಾಗಿ ತನ್ನ ಹೆಸರಿಗೆ ಅರ್ಜಿ ಹಾಕಬೇಕು. ೨೦೧೬ರ ನಿಯಮಗಳಂತೆ ತಂದೆಗೆ ಎಪ್ಪತ್ತು ವರ್ಷ ತುಂಬಿದಾಗ, ಇಲ್ಲವೆ ಅವರು ಕೋವಿಯನ್ನು ಇಪ್ಪತ್ತೈದು ವರ್ಷ ಇಟ್ಟುಕೊಂಡಿದ್ದಾಗ, ಅವರು ಬದುಕಿರುವಾಗಲೇ ವಾರಸುದಾರನಿಗೆ ವರ್ಗಾಯಿಸಲು ಕೋರಬಹುದು. ೨೦೧೯ರ ತಿದ್ದುಪಡಿಯ ಮೇರೆಗೆ ಒಬ್ಬರ ಪರವಾನಗಿಯಲ್ಲಿ ಎರಡಕ್ಕಿಂತ ಹೆಚ್ಚು ಕೋವಿಗಳು ಇರಕೂಡದು.

ಅಮೆರಿಕದ ರಿವಾಲ್ವರಿನ ಕನಸು ಓದಿಗೆ ರುಚಿಕರವಾಗಿದ್ದರೆ ಸಾಕು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಕೋವಿಯ ಪರವಾನಗಿ ಪುಸ್ತಕವನ್ನು ತಂದೆಯವರಿಂದ ಕೇಳಿ, ಅದರ ಅವಧಿ ಎಂದಿಗೆ ಮುಗಿಯುತ್ತದೆಂಬುದನ್ನು ನೋಡಿಕೊಂಡು ಬನ್ನಿರಿ.