ಸ್ಪೆರ್ಲೊಂಗದ ಗುಹೆಯೂ ಗ್ರಾಮಸ್ಥರ ಹಟವೂ

ಇಟಲಿಯ ಪ್ರವಾಸಕ್ಕೆ ಹೋದವರು ರೋಮ್ ನಗರವನ್ನು ನೋಡುತ್ತಾರೆ, ಪೊಂಪೇಯಿಯನ್ನು ನೋಡುತ್ತಾರೆ, ಇವೆರಡರ ನಡುವಣ ದಾರಿಯಲ್ಲಿ ರೈಲುಗಾಡಿಯೊಳಗೆ ನಿದ್ರೆಮಾಡುತ್ತಾರೆ. ಆ ನಿದ್ರೆಯಲ್ಲಿ ಅವರು ಕಳೆದುಕೊಳ್ಳುವುದು ಏನೆಂಬುದನ್ನು ವಾಚಕರಿಗೆ ಅರುಹಬೇಕೆಂದು ನಮಗೆ ಬಹಳವಾಗಿ ತೋರಿದೆ. ರೋಮಿನಿಂದ ಆಗ್ನೇಯಕ್ಕೆ ಸುಮಾರು 120 ಕಿಲೋಮೀಟರು ದೂರದಲ್ಲಿ, ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ಬಂಡೆಯ ಮೇಲೆ, ಸುಣ್ಣ ಬಳಿದ ಮನೆಗಳ ಚಿಕ್ಕದೊಂದು ಊರಿದೆ. ಅದರ ಹೆಸರು ಸ್ಪೆರ್ಲೊಂಗ. ಲ್ಯಾಟಿನ್ ಭಾಷೆಯಲ್ಲಿ ಗುಹೆಗೆ ಸ್ಪೆಲುಂಕ ಎನ್ನುತ್ತಾರೆ. ಆ ಶಬ್ದವೇ ಜನರ ಬಾಯಲ್ಲಿ ಸವೆದು ಊರಿನ ಹೆಸರಾಗಿ ನಿಂತಿತು. ಊರಿನಿಂದ ಮರಳದಂಡೆಯನ್ನು ಹಿಡಿದು ಪೂರ್ವಕ್ಕೆ ನಡೆದರೆ ಬೆಟ್ಟದ ಬುಡದಲ್ಲಿ ಆ ಗುಹೆ ಇಂದಿಗೂ ಕಡಲಿಗೆದುರಾಗಿ ಬಾಯಿ ತೆರೆದುಕೊಂಡಿದೆ. ಗುಹೆಯ ಮುಂದೆಯೂ ಪಕ್ಕದಲ್ಲಿಯೂ ಹರಡಿರುವ ಗೋಡೆಗಳು ರೋಮಿನ ಎರಡನೆಯ ಸಾಮ್ರಾಟನಾದ ತಿಬೇರಿಯಸನ ಸಮುದ್ರತೀರದ ವಿಲಾಸಗೃಹದವೆಂದು ವಿದ್ವಾಂಸರು ಗುರುತಿಸಿದ್ದಾರೆ.

ಈ ಸ್ಥಳಕ್ಕೆ ಇತಿಹಾಸದಲ್ಲಿ ಹೆಸರು ಬಂದುದು ಒಂದು ಅಪಘಾತದಿಂದ. ಕ್ರಿ. ಶ. 26ರಲ್ಲಿ ತಿಬೇರಿಯಸನು ರೋಮ್ ನಗರವನ್ನು ಬಿಟ್ಟು ದಕ್ಷಿಣಕ್ಕೆ ಹೊರಟಿದ್ದನು. ಮುಂದೆ ಹನ್ನೊಂದು ವರ್ಷ ಬದುಕಿದ್ದರೂ ಅವನು ರಾಜಧಾನಿಯೊಳಕ್ಕೆ ಮತ್ತೆ ಕಾಲಿಡಲಿಲ್ಲ. ದಾರಿಯಲ್ಲಿ ಈ ಗುಹೆಯೊಳಗೆ ಪರಿವಾರದೊಡನೆ ಭೋಜನಕ್ಕೆ ಕುಳಿತಿದ್ದಾಗ ಗುಹೆಯ ಬಾಯಿಂದ ಕಲ್ಲುಗಳು ಇದ್ದಕ್ಕಿದ್ದಂತೆ ಕುಸಿದು ಬಿದ್ದುವು. ಅತಿಥಿಗಳು ದಿಕ್ಕಾಪಾಲಾಗಿ ಓಡಿದರು. ಅಂಗರಕ್ಷಕ ಪಡೆಯ ಅಧಿಪತಿಯಾದ ಸೆಜೇನಸನು ಮಾತ್ರ ಮಂಡಿಯೂರಿ, ತನ್ನ ಮೈಯನ್ನೇ ಚಪ್ಪರವಾಗಿ ಮಾಡಿ ದೊರೆಯ ಮೇಲೆ ಬಾಗಿದನೆಂದೂ, ನೆರವಿಗೆ ಬಂದ ಸೈನಿಕರು ಅವನನ್ನು ಆ ಭಂಗಿಯಲ್ಲಿಯೇ ಕಂಡರೆಂದೂ ಇತಿಹಾಸಕಾರ ಟ್ಯಾಸಿಟಸ್ ತಿಳಿಸುತ್ತಾನೆ. ಅಂದಿನಿಂದ ದೊರೆಗೆ ಅವನ ಮಾತೇ ವೇದವಾಯಿತು. ಆದರೆ ಐದೇ ವರ್ಷಗಳಲ್ಲಿ, ಕ್ರಿ. ಶ. 31ರಲ್ಲಿ, ಅದೇ ದೊರೆ ಕಾಪ್ರಿ ದ್ವೀಪದಿಂದ ಬರೆದು ಕಳುಹಿಸಿದ ಒಂದು ಓಲೆಯಿಂದ ಸೆಜೇನಸನ ಕೊರಳಿಗೆ ಕುಣಿಕೆ ಬಿದ್ದಿತು. ರಾಜಾನುಗ್ರಹದ ಆಯುಸ್ಸು ಅಷ್ಟೆ.

ಅದಿರಲಿ. ನಮ್ಮ ಮನಸ್ಸನ್ನು ಹಿಡಿದುದು ಸೆಜೇನಸನ ಕಥೆಯಲ್ಲ. ಅಂದು ಕಲ್ಲಿನ ಕೆಳಗೆ ಸಿಕ್ಕಿ ಸತ್ತವರು ಕೆಲವು ಸೇವಕರೆಂದು ಟ್ಯಾಸಿಟಸ್ ಬರೆಯುತ್ತಾನೆ. ಅತಿಥಿಗಳೂ ಸೇವಕರೂ ಅನೇಕರು ಸತ್ತರೆಂದು ಸ್ವೆಟೋನಿಯಸ್ ಬರೆಯುತ್ತಾನೆ. ಒಬ್ಬನ ಹೆಸರನ್ನಾದರೂ ಇಬ್ಬರಲ್ಲಿ ಯಾರೂ ಹೇಳುವುದಿಲ್ಲ. ಬದುಕಿದವನ ಹೆಸರಿಗಾಗಿ ಒಂದು ಪುಟ, ಸತ್ತವರಿಗಾಗಿ ಒಂದೆರಡು ಮಾತು!

ಗುಹೆಯ ಒಳಗೆ ನಿಂತವರಿಗೆ ಮೊದಲು ಕಾಣುವುದು ನೀರು. ಒಳಭಾಗದಲ್ಲಿ ದುಂಡಗಿನ ಒಂದು ಕೊಳವಿದೆ. ಅದಕ್ಕೆ ಕೂಡಿಕೊಂಡು ಗುಹೆಯ ಹೊರಗೆ ಆಯತಾಕಾರದ ಇನ್ನೊಂದು ದೊಡ್ಡ ಕೊಳವಿದೆ. ಈ ಹೊರಕೊಳದ ನಡುವೆ ಚೌಕಾಕಾರದ ಒಂದು ಕೃತಕ ದ್ವೀಪವನ್ನು ಕಟ್ಟಿದ್ದಾರೆ. ಭೋಜನಕ್ಕೆ ಒರಗುವ ಮಂಚಗಳು ಇದ್ದುದು ಅದರ ಮೇಲೆ. ನಾಲ್ಕೂ ಕಡೆ ನೀರು, ಎದುರಿಗೆ ಗುಹೆಯ ಕತ್ತಲು, ಬೆನ್ನ ಹಿಂದೆ ಸಮುದ್ರ. ಇಂಥ ಸ್ಥಳದಲ್ಲಿ ಒರಗಿಕೊಂಡು ಉಣ್ಣುವುದನ್ನು ಆ ಕಾಲದ ಸಿರಿವಂತರು ಪರಮಸುಖವೆಂದು ಎಣಿಸಿದ್ದರು. ಕೊಳದ ಗೋಡೆಗಳಲ್ಲಿ ಮಣ್ಣಿನ ಕೊಡಗಳನ್ನು ಅಡ್ಡಲಾಗಿ ಹುದುಗಿಸಿ ಬಾಯಿಯನ್ನು ಮಾತ್ರ ನೀರಿಗೆ ತೆರೆದುಬಿಟ್ಟಿದ್ದಾರೆ. ಬಿಸಿಲಿನ ಹೊತ್ತು ಮೀನುಗಳು ಒಳಹೊಕ್ಕು ತಂಪಾಗಿರಲೆಂದು ಈ ಏರ್ಪಾಡು. ಮನುಷ್ಯರು ಹೋದರು, ಮೀನುಗಳು ಹೋಗಲಿಲ್ಲ. ನಾವು ಹೋಗಿದ್ದಾಗಲೂ ಅವು ಆ ತಿಳಿನೀರಿನಲ್ಲಿ ಹಿಂಡುಹಿಂಡಾಗಿ ಸುಳಿದಾಡುತ್ತಿದ್ದುವು.

ಮೀನುಕೊಳವೆಂಬುದು ರೋಮಿನ ಶ್ರೀಮಂತರಿಗೆ ಒಂದು ಹುಚ್ಚಾಗಿದ್ದಿತು. ದೇಶದ ಕೆಲಸವನ್ನು ಬಿಟ್ಟು ಮೀನುಗಳನ್ನು ಮುದ್ದಿಸುತ್ತಿದ್ದ ಹಿರಿಯರನ್ನು ಸಿಸೆರೋ ತನ್ನ ಪತ್ರಗಳಲ್ಲಿ ಮೀನುಕೊಳದವರೆಂದೇ ಕರೆದು ಹಾಸ್ಯಮಾಡಿದ್ದಾನೆ. ಆದರೆ ಅದು ಹಾಸ್ಯದಲ್ಲಿಯೇ ಮುಗಿಯುತ್ತಿರಲಿಲ್ಲ. ನೇಪಲ್ಸಿನ ಬಳಿಯ ಪೊಸಿಲಿಪ್ಪೊ ಎಂಬಲ್ಲಿ ವೀಡಿಯಸ್ ಪೊಲ್ಲಿಯೋ ಎಂಬ ಧನಿಕನಿಗೆ ಇಂಥದೇ ಕಡಲತೀರದ ಮನೆಯಿದ್ದಿತು. ಒಮ್ಮೆ ಸಾಮ್ರಾಟ ಅಗಸ್ಟಸನು ಅವನಲ್ಲಿ ಊಟಕ್ಕೆ ಕುಳಿತಿದ್ದಾಗ ಗುಲಾಮನೊಬ್ಬನ ಕೈಯಿಂದ ಸ್ಫಟಿಕದ ಬಟ್ಟಲೊಂದು ಜಾರಿ ಒಡೆಯಿತು. ಅಷ್ಟಕ್ಕೇ ಅವನನ್ನು ಕೊಳದಲ್ಲಿ ಸಾಕಿದ್ದ ಹಾವುಮೀನುಗಳಿಗೆ ಎಸೆಯಬೇಕೆಂದು ಯಜಮಾನನ ಅಪ್ಪಣೆಯಾಯಿತು. ಆ ಹುಡುಗನು ಅಗಸ್ಟಸನ ಕಾಲಿಗೆ ಬಿದ್ದು ಬೇಡಿದ್ದು ಪ್ರಾಣವನ್ನಲ್ಲ; ಬೇರೆ ವಿಧದ ಮರಣವನ್ನು. ಅಗಸ್ಟಸನು ಅವನನ್ನು ಬಿಡಿಸಿ, ಮನೆಯಲ್ಲಿದ್ದ ಸ್ಫಟಿಕದ ಬಟ್ಟಲುಗಳನ್ನೆಲ್ಲ ತನ್ನ ಕಣ್ಣೆದುರಿಗೆ ಒಡೆಯಿಸಿ, ಕೊಳವನ್ನು ಮುಚ್ಚಿಸಿದನೆಂದು ಸೆನೆಕನು ತಿಳಿಸಿದ್ದಾನೆ. ಪೊಲ್ಲಿಯೋ ತನ್ನ ಮನೆಗೆ ಇಟ್ಟಿದ್ದ ಗ್ರೀಕ್ ಹೆಸರಿನ ಅರ್ಥವು ದುಃಖವನ್ನು ಕಳೆಯುವ ತಾಣವೆಂದು. ಯಾರ ದುಃಖವನ್ನೋ!

ಗೋಡೆಗಳನ್ನು ಕಟ್ಟಿದ ಕೆಲಸಗಾರರ ಕೈಯನ್ನು ಮಾತ್ರ ಎಷ್ಟು ಹೊಗಳಿದರೂ ಸಾಲದು. ಚಿಕ್ಕ ಚಿಕ್ಕ ಕಲ್ಲುಗಳನ್ನು ಓರೆಯಾಗಿ ಜೋಡಿಸಿ ಬಲೆಯ ಕಣ್ಣುಗಳಂತೆ ಕಾಣುವ ಹಾಗೆ ಕಟ್ಟುವುದು ರೋಮನರ ಒಂದು ಪದ್ಧತಿ. ಅವರ ಗಾರೆಯ ಗುಟ್ಟು ನೇಪಲ್ಸ್ ಸೀಮೆಯ ಜ್ವಾಲಾಮುಖಿಯ ಬೂದಿಮಣ್ಣಿನಲ್ಲಿದ್ದಿತು. ಅದನ್ನು ಸುಣ್ಣದೊಡನೆ ಬೆರಸಿದರೆ ನೀರಿನೊಳಗೂ ಗಟ್ಟಿಯಾಗುತ್ತದೆಂದು ವಿಟ್ರೂವಿಯಸ್ ಎಂಬ ಶಿಲ್ಪಶಾಸ್ತ್ರಜ್ಞನು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ.

ಈ ಗುಹೆಯ ನಿಜವಾದ ಐಶ್ವರ್ಯವೆಂದರೆ ಅದರೊಳಗೆ ನಿಲ್ಲಿಸಿದ್ದ ಅಮೃತಶಿಲೆಯ ವಿಗ್ರಹಗಳು. ಗ್ರೀಕರ ಮಹಾಕವಿ ಹೋಮರನ ಕಥಾನಾಯಕನಾದ ಒಡಿಸ್ಯೂಸನು ಟ್ರಾಯ್ ಯುದ್ಧವನ್ನು ಮುಗಿಸಿ ತನ್ನ ಊರಿಗೆ ಮರಳುವಾಗ ಪಟ್ಟ ಪಾಡುಗಳೇ ಅವುಗಳ ಮುಖ್ಯ ವಸ್ತು. ದುಂಡುಕೊಳದ ನಡುವೆ ಸ್ಕಿಲ್ಲಾ ಎಂಬ ಸಮುದ್ರರಾಕ್ಷಸಿ. ಅವಳ ನಡುವಿನಿಂದ ಹೊರಟ ನಾಯಿಗಳು ನಾವಿಕರನ್ನು ಕಚ್ಚಿ ಎಳೆಯುತ್ತಿವೆ, ಅವಳ ಕೈ ಚುಕ್ಕಾಣಿಗಾರನ ತಲೆಯನ್ನು ಅಮುಕಿ ಹಿಡಿದಿದೆ. ಗುಹೆಯ ಒಳಮೂಲೆಯಲ್ಲಿ ಒಕ್ಕಣ್ಣಿನ ದೈತ್ಯ ಪಾಲಿಫೀಮಸ್ ಕುಡಿದು ಮೈಮರೆತು ಬಿದ್ದಿದ್ದಾನೆ. ಒಡಿಸ್ಯೂಸನೂ ಸಂಗಡಿಗರೂ ಕಾದ ಗೂಟವನ್ನು ಎತ್ತಿ ಅವನ ಕಣ್ಣಿಗೆ ಗುರಿಯಿಟ್ಟಿದ್ದಾರೆ. ಭೋಜನದ ದ್ವೀಪದಲ್ಲಿ ಒರಗಿದವರಿಗೆ ಇವೆಲ್ಲ ದೀಪದ ಬೆಳಕಿನಲ್ಲಿ, ನೀರಿನ ಆಚೆ, ಕಲ್ಲಿನ ಕತ್ತಲೊಳಗಿನಿಂದ ಮೂಡಿ ಕಾಣುತ್ತಿದ್ದಿರಬೇಕು. ಇದಕ್ಕೆ ಈ ತೀರವನ್ನೇ ಆರಿಸಿದುದರಲ್ಲಿಯೂ ಔಚಿತ್ಯವಿದೆ. ಪಶ್ಚಿಮದಲ್ಲಿ ಕಾಣುವ ಚಿರ್ಚೆಯೊ ಬೆಟ್ಟವು ಮಾಯಾವಿನಿ ಸರ್ಸಿಯ ನೆಲೆಯೆಂದೂ, ಇನ್ನೊಂದು ದಿಕ್ಕಿನಲ್ಲಿರುವ ಫೋರ್ಮಿಯ ನಗರವು ನರಭಕ್ಷಕರ ಊರಾಗಿದ್ದಿತೆಂದೂ ರೋಮನರು ನಂಬಿದ್ದರು. ಅರ್ಥಾತ್, ಒಡಿಸ್ಯೂಸನು ಅವರ ಪಾಲಿಗೆ ಈ ನೀರಿನಲ್ಲಿಯೇ ಅಲೆದವನು.

ಇಷ್ಟೆಲ್ಲ ವೈಭವದ ಒಡೆಯನಾದ ತಿಬೇರಿಯಸನೇ ವೈಭವದ ಮೇಲೆ ದೂರು ಹೇಳಿದವನೆಂದರೆ ವಾಚಕರು ನಗಬಹುದು. ಕ್ರಿ. ಶ. 22ರಲ್ಲಿ ದುಂದುವೆಚ್ಚವನ್ನು ಕಾನೂನಿನಿಂದ ತಡೆಯಬೇಕೆಂಬ ಪ್ರಶ್ನೆ ಎದ್ದಾಗ ಅವನು ಸೆನೆಟ್ ಸಭೆಗೆ ಒಂದು ಪತ್ರವನ್ನು ಬರೆದನು. ಮೊದಲು ಯಾವುದನ್ನು ನಿಷೇಧಿಸಲಿ, ಎಲ್ಲೆಯಿಲ್ಲದೆ ಹಬ್ಬಿದ ವಿಲಾಸಗೃಹಗಳನ್ನೋ, ಲೆಕ್ಕವಿಲ್ಲದ ಗುಲಾಮರನ್ನೋ, ರತ್ನಗಳಿಗಾಗಿ ನಮ್ಮ ಹಣವನ್ನು ಪರದೇಶಗಳಿಗೆ ಸಾಗಿಸುವ ಹೆಂಗಸರ ಅಲಂಕಾರವನ್ನೋ ಎಂದು ಅದರಲ್ಲಿ ಕೇಳಿ, ಕೊನೆಗೆ ಯಾವುದನ್ನೂ ನಿಷೇಧಿಸದೆ ಬಿಟ್ಟನು. ಹಣ ಹೋದುದು ಮಾತ್ರ ನಿಜ. ಭರತಖಂಡವೊಂದೇ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯಗಳಷ್ಟನ್ನು ಸೆಳೆದುಕೊಳ್ಳುತ್ತಿದೆಯೆಂದು ಹಿರಿಯ ಪ್ಲಿನಿಯು ಅದೇ ಶತಮಾನದಲ್ಲಿ ಗೋಳಾಡಿದ್ದಾನೆ. ಮೆಣಸು, ಮುತ್ತು, ರತ್ನ, ನವುರಾದ ಹತ್ತಿಯ ಬಟ್ಟೆ ಇತ್ತ ಕಡೆಯಿಂದ ಹೋದುವು. ಬೆಳ್ಳಿಬಂಗಾರ ಅತ್ತ ಕಡೆಯಿಂದ ಬಂದಿತು. ನಮ್ಮ ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಮೊದಲು ಮೈಸೂರಿನ ಎಂ. ಎಚ್. ಕೃಷ್ಣರೂ, ಅನಂತರ 1947ರಲ್ಲಿ ಮಾರ್ಟಿಮರ್ ವೀಲರರೂ ನೆಲವನ್ನು ಅಗೆಯಿಸಿ ನೋಡಿದರು. ಸಾತವಾಹನರ ಕಾಲದ ಆ ಊರಿನ ನೆಲದಲ್ಲಿ ತಿಬೇರಿಯಸನ ಬೆಳ್ಳಿಯ ನಾಣ್ಯವೂ ದೊರೆತಿದೆ. ಸ್ಪೆರ್ಲೊಂಗದಲ್ಲಿ ಊಟ ಬಡಿಸುತ್ತಿದ್ದ ಆಳುಗಳು ದುರ್ಗದ ಹೆಸರನ್ನು ಕೇಳಿದವರಲ್ಲ. ದುರ್ಗದ ವರ್ತಕನು ಆ ಗುಹೆಯನ್ನು ಕಂಡವನಲ್ಲ. ಆದರೂ ಅವರ ಯಜಮಾನನ ದುಡ್ಡು ಇವನ ಕೈಗೆ ಬಂದಿತು.

ಇನ್ನು ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ ವಿಷಯಕ್ಕೆ ಬರೋಣ. 1957ರಲ್ಲಿ ತೆರ್ರಚೀನ ಮತ್ತು ಗಯೇತ ಪಟ್ಟಣಗಳ ನಡುವೆ ಕಡಲತೀರದ ಹೊಸ ರಸ್ತೆಯ ಕೆಲಸ ನಡೆದಿದ್ದಾಗ, ಆ ಕೆಲಸದ ಮೇಲಿದ್ದ ಎಂಜಿನಿಯರರು ಗುಹೆಯನ್ನು ಶೋಧಿಸಲು ಕೈಹಾಕಿದರು. ಕೊಳದ ಹೂಳಿನೊಳಗಿನಿಂದ ಒಡೆದ ಅಮೃತಶಿಲೆ ಸಾವಿರಾರು ತುಂಡುಗಳಾಗಿ ಹೊರಬಂದಿತು. ಪುರಾತತ್ತ್ವ ಇಲಾಖೆಯ ಜೂಲಿಯೊ ಯಾಕೋಪಿಯವರು ಧಾವಿಸಿ ಬಂದರು. ಸುತ್ತಿಕೊಂಡ ಹಾವಿನಂಥ ತುಂಡುಗಳನ್ನು ಕಂಡು, ಇದು ಲವೊಕೂನನ ಮೂಲವಿಗ್ರಹವೇ ಇರಬೇಕೆಂಬ ಉತ್ಸಾಹ ಎಲ್ಲೆಡೆ ಹಬ್ಬಿತು. ತನ್ನ ಇಬ್ಬರು ಮಕ್ಕಳೊಡನೆ ಹಾವುಗಳ ಸುತ್ತಿಗೆ ಸಿಕ್ಕಿ ಒದ್ದಾಡುವ ಟ್ರಾಯ್ ನಗರದ ಪುರೋಹಿತನ ಆ ವಿಗ್ರಹವು 1506ರಲ್ಲಿ ರೋಮಿನಲ್ಲಿ ದೊರೆತು ವ್ಯಾಟಿಕನ್ನಿನಲ್ಲಿದೆ. ಕಡೆಗೆ ಹಾವುಗಳು ಸ್ಕಿಲ್ಲಾ ರಾಕ್ಷಸಿಯ ಬಾಲಗಳೆಂದು ತಿಳಿಯಿತು. ಆದರೆ ಆ ಉತ್ಸಾಹವು ಪೂರ್ತಿ ಬರಿದಾಗಲಿಲ್ಲ: ಸ್ಕಿಲ್ಲಾ ಗುಂಪಿನ ಹಡಗಿನ ಮೇಲೆ ಅಥಾನೊಡೋರಸ್, ಹಗೆಸಾಂಡರ್, ಪಾಲಿಡೋರಸ್ ಎಂಬ ರೋಡ್ಸ್ ದ್ವೀಪದ ಮೂವರು ಶಿಲ್ಪಿಗಳ ಹೆಸರು ಗ್ರೀಕ್ ಅಕ್ಷರಗಳಲ್ಲಿ ಕೆತ್ತಿದೆ. ಲವೊಕೂನನ ವಿಗ್ರಹವನ್ನು ಮಾಡಿದವರೆಂದು ಪ್ಲಿನಿಯು ಹೇಳುವ ಹೆಸರುಗಳೂ ಇವೇ ಮೂರು.

ಇಂಥ ನಿಧಿ ದೊರೆತ ಮೇಲೆ ರಾಜಧಾನಿಯು ಸುಮ್ಮನಿರುವುದುಂಟೆ? ತುಂಡುಗಳನ್ನು ರೋಮಿಗೆ ಸಾಗಿಸಬೇಕೆಂದು ನಿರ್ಧಾರವಾಯಿತು. ಆಗ ಸ್ಪೆರ್ಲೊಂಗದ ಜನ ರಸ್ತೆಗೆ ಅಡ್ಡಗಟ್ಟೆ ಹಾಕಿ ನಿಂತರು. ಅದು ಬಡವರ ಊರು. ಮೀನು ಹಿಡಿದು, ಹೊಲಗೆಯ್ದು ಬದುಕುತ್ತಿದ್ದವರ ಊರು. ನಮ್ಮ ಕೊಳದಲ್ಲಿ ದೊರೆತುದು ನಮ್ಮ ಊರಿನಲ್ಲಿಯೇ ಇರಲಿ ಎಂಬುದೊಂದೇ ಅವರ ವಾದ. ಅಧಿಕಾರಿಗಳು ಮಣಿಯಬೇಕಾಯಿತು. ಗುಹೆಗೆ ಕಾಲುನಡಿಗೆಯ ದೂರದಲ್ಲಿ ವಸ್ತುಸಂಗ್ರಹಾಲಯವನ್ನು ಕಟ್ಟಿಸಿ 1963ರಲ್ಲಿ ತೆರೆದರು.

ಈ ವಿಷಯದಲ್ಲಿ ಇನ್ನೊಂದು ಪಕ್ಷದ ವಾದವನ್ನೂ ನ್ಯಾಯವಾಗಿ ಹೇಳಬೇಕು. ಮಹಾನಗರದಲ್ಲಿ ಪಂಡಿತರಿದ್ದಾರೆ, ಕೆಲಸದ ಮನೆಗಳಿವೆ, ನೋಡಲು ಲಕ್ಷಾಂತರ ಜನ ಬರುತ್ತಾರೆ. ಮೂಲೆಯ ಹಳ್ಳಿಗೆ ಯಾರು ಬಂದಾರು ಎಂದು ಅವರು ಕೇಳುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಸುಮಾರು 7000 ತುಂಡುಗಳೆಂದು ಎಣಿಕೆಯಿರುವ ಆ ರಾಶಿಯಿಂದ ಆಕಾರಗಳನ್ನು ಕೂಡಿಸಲು ವಿದ್ವಾಂಸರು ದಶಕಗಳ ಕಾಲ ದುಡಿದಿದ್ದಾರೆ. ಜರ್ಮನಿಯ ಬೆರ್ನಾರ್ಡ್ ಆಂಡ್ರೇಯವರಂಥ ಪರದೇಶದ ಪಂಡಿತರ ನೆರವೂ ಅದಕ್ಕೆ ಬೇಕಾಯಿತು. ಆದರೆ ಪಂಡಿತರಿಗೆ ಕಾಲುಗಳಿವೆ, ಗುಹೆಗೆ ಇಲ್ಲ. ಪಂಡಿತರು ಸ್ಪೆರ್ಲೊಂಗಕ್ಕೆ ಬಂದರು, ಕೆಲಸ ನಡೆಯಿತು. ಇಂದು ಪಾಲಿಫೀಮಸನ ದೈತ್ಯಾಕಾರವನ್ನು ಅಚ್ಚಿನಿಂದ ಪೂರ್ಣಗೊಳಿಸಿ ಸಂಗ್ರಹಾಲಯದಲ್ಲಿ ಮಲಗಿಸಿದ್ದಾರೆ. ಪಕ್ಕದಲ್ಲಿಯೇ ಮೂಲದ ತುಂಡುಗಳೂ ಇವೆ. ಕೂರಂಚಿನ ಟೊಪ್ಪಿಗೆಯ ಕೆಳಗೆ ಗಡ್ಡ ಕೆದರಿ, ಬಾಯಿ ತೆರೆದು, ಉಸಿರು ಬಿಗಿಹಿಡಿದಂತಿರುವ ಒಡಿಸ್ಯೂಸನ ತಲೆಯನ್ನು ನಾವು ಬಹಳ ಹೊತ್ತು ನೋಡುತ್ತ ನಿಂತೆವು. ಅಲ್ಲಿಂದ ಹೊರಟು ಹಾಳುಗೋಡೆಗಳ ನಡುವೆ ಇಳಿದು ಹೋದರೆ ಅವನು ನಿಂತಿದ್ದ ಎಡೆಯೇ ಕಾಣುತ್ತದೆ. ಇವೇ ವಿಗ್ರಹಗಳು ರೋಮಿನ ಯಾವುದೋ ಅಂಗಳದಲ್ಲಿ ಸಾಲಾಗಿ ನಿಂತಿದ್ದರೆ ನೀರು, ಕತ್ತಲು, ಚಿರ್ಚೆಯೊ ಬೆಟ್ಟ, ಊಟದ ದ್ವೀಪ ಇವು ಒಂದಕ್ಕೊಂದು ಏನಾಗಬೇಕೆಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ. ಗ್ರಾಮಸ್ಥರು ಹಟ ಹಿಡಿದುದು ಶಾಸ್ತ್ರವನ್ನು ಓದಿ ಅಲ್ಲ; ಆದರೆ ಆ ಹಟವು ಶಾಸ್ತ್ರಕ್ಕೇ ಉಪಕಾರ ಮಾಡಿತೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಹೋಗಿ ನೋಡಲಿಚ್ಛಿಸುವವರಿಗೆ ಎರಡು ಮಾತು. ರೋಮಿನಿಂದ ಫೋರ್ಮಿಯ ಮಾರ್ಗವಾಗಿ ನೇಪಲ್ಸಿಗೆ ಹೋಗುವ ರೈಲಿನಲ್ಲಿ ಫೋಂದಿ ನಿಲ್ದಾಣದಲ್ಲಿ ಇಳಿಯಬೇಕು. ತಿಬೇರಿಯಸನ ತಾಯಿ ಲಿವಿಯಾಳ ತಾಯಿಯ ಕಡೆಯ ಮೂಲವೂ ಆ ಫೋಂದಿಯೇ. ಅಲ್ಲಿಂದ ಊರಿಗೆ ಬಸ್ಸಿದೆ. ಬೇಸಗೆಯಲ್ಲಿ ಗುಹೆಯ ಪಕ್ಕದ ಮರಳದಂಡೆಯ ತುಂಬ ಸ್ನಾನಕ್ಕೆ ಬಂದವರ ಕೊಡೆಗಳೇ ಕೊಡೆಗಳು. ಅವರಲ್ಲಿ ಹಲವರು ಗುಹೆಯ ಕಡೆಗೆ ತಿರುಗಿಯೂ ನೋಡುವುದಿಲ್ಲ. ಆದುದರಿಂದ ಬೆಳಗ್ಗೆಯೇ ಹೋಗುವುದು ಲೇಸು. ಮೊದಲು ಸಂಗ್ರಹಾಲಯ, ಆಮೇಲೆ ಗುಹೆ, ಈ ಕ್ರಮದಲ್ಲಿ ನೋಡಬೇಕು. ಕಾಲಿಗೆ ಗಟ್ಟಿಯಾದ ಮೆಟ್ಟುಗಳಿರಲಿ. ಕೊಳದ ಅಂಚಿನ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆ.